ಆರನೇ ಚಿತ್ರದ ಮೂಲೆಯಲ್ಲಿ

ನಮ್ಮ ಭಾವ ಬೆಳಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಮೊದಲು ಒಂದು ಸಂಖ್ಯೆ ನೋಡುತ್ತಾರೆ. ಬೇರೆ ಗಂಡಸರು ಎದ್ದು ಕನ್ನಡಿಯ ತನಕ ನಡೆದು ಹೋಗಿ ದಿನ ಹಾಳುಮಾಡಿಕೊಳ್ಳುತ್ತಾರೆ. ಭಾವ ಆ ಕೆಲಸವನ್ನು ಹಾಸಿಗೆಯಲ್ಲೇ ಮುಗಿಸಿಬಿಡುತ್ತಾರೆ. ದಿಂಬಿನ ಕೆಳಗಿನಿಂದ ಫೋನು ಎಳೆದು, ಕನ್ನಡಕಕ್ಕೆ ತಡಕಾಡಿ, ಒಂದು ಪುಟ ತೆರೆದು, ಉಸಿರು ಬಿಗಿಹಿಡಿದು ನೋಡುತ್ತಾರೆ.

"ಎಷ್ಟು?" ಎಂದು ಅಡುಗೆಮನೆಯಿಂದ ಅಕ್ಕ ಕೇಳುತ್ತಾಳೆ, ಜ್ವರ ಬಂದ ಮಗುವಿನ ಥರ್ಮಾಮೀಟರ್ ನೋಡಿದವರನ್ನು ಕೇಳುವ ದನಿಯಲ್ಲಿ.

"ಹತ್ತೊಂಬತ್ತು."

"ನಿನ್ನೆನೂ ಅಷ್ಟೇ ಇತ್ತಲ್ರೀ."

"ನಿನ್ನೆ ಅಷ್ಟೇ ಇತ್ತು ಅಂತ ನಂಗೂ ಗೊತ್ತು ಕಣೇ. ಇವತ್ತಿಂದು ಕೇಳಿದೆ, ಹೇಳಿದೆ."

ಇದು ಹದಿನಾಲ್ಕು ತಿಂಗಳು ನಡೆಯಿತು. ಆ ಹದಿನಾಲ್ಕು ತಿಂಗಳಲ್ಲಿ ಭಾವನ ತಲೆಯ ಮುಂಭಾಗದ ಕೂದಲು ಹಿಂದಕ್ಕೆ ಸರಿಯಿತು, ಮಗಳು ಪಿಯುಸಿ ಮುಗಿಸಿದಳು, ಎದುರುಮನೆಯವರು ಮಹಡಿ ಎತ್ತಿಸಿದರು. ಹತ್ತೊಂಬತ್ತು ಮಾತ್ರ ಹತ್ತೊಂಬತ್ತಾಗಿಯೇ ಉಳಿಯಿತು.

ಭಾವನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ಅವರು ಒಂದು ಸಂಶೋಧನಾ ಸಂಸ್ಥೆಯಲ್ಲಿ ಹದಿನಾರು ವರ್ಷದಿಂದ ಸಹ ಪ್ರಾಧ್ಯಾಪಕರು. ಕಾಲೇಜು ಎಂದರೆ ಮುಖ ಗಂಟಿಕ್ಕುತ್ತಾರೆ. ಅವರ ಕೆಲಸ ಚಿಪ್‌ಗಳ ಗುಟ್ಟು ಕಾಯುವುದು. ಬ್ಯಾಂಕ್ ಕಾರ್ಡಿನಲ್ಲಿ, ಕಾರಿನ ಕೀಲಿಯಲ್ಲಿ ಉಗುರಿನಷ್ಟಗಲದ ಚಿಪ್ ಇರುತ್ತದಲ್ಲ, ಅದರೊಳಗೊಂದು ಗುಟ್ಟಿನ ಅಂಕಿ ಇರುತ್ತದೆ. ಅದನ್ನು ಕದಿಯಲು ಚಿಪ್ ಒಡೆಯಲೇಬೇಕಾಗಿಲ್ಲ. ಯಾವ ನೆಂಟರ ಮನೆಗೆ ಹೋದರೂ ಭಾವ ಇದನ್ನು ಒಂದೇ ರೀತಿಯಲ್ಲಿ ವಿವರಿಸುತ್ತಾರೆ:

"ನಿಮ್ಮ ಮನೆಯೊಳಗೆ ನಾನು ಬರ್ಬೇಕಾಗಿಲ್ಲ. ಹೊರಗೆ ಕರೆಂಟ್ ಮೀಟರ್ ನೋಡ್ತಾ ನಿಂತ್ರೆ ಸಾಕು. ಈಗ ಇಸ್ತ್ರಿಪೆಟ್ಟಿಗೆ ಹಾಕಿದ್ರು, ಈಗ ಗೀಸರ್ ಹಾಕಿದ್ರು, ಈಗ ಎಲ್ಲಾ ಆರಿಸಿ ಮಲಗಿದ್ರು ಅಂತ ಹೇಳಿಬಿಡಬಹುದು. ಚಿಪ್ಪೂ ಹಾಗೇ. ಲೆಕ್ಕ ಮಾಡೋವಾಗ ಅದು ಎಳ್ಕೊಳ್ಳೋ ಕರೆಂಟು ಸಣ್ಣಗೆ ಏರಿಳಿಯುತ್ತೆ. ಆ ಏರಿಳಿತದಿಂದ ಗುಟ್ಟು ಸೋರುತ್ತೆ."

"ಬೇರೆಯವರ ಮೀಟರ್ ನಿಮಗ್ಯಾಕೆ ಅಳಿಯಂದ್ರೇ?" ಎಂದು ನಮ್ಮಮ್ಮ ಮೊದಲ ಸಲ ಕೇಳಿದ್ದಳು. ಇಪ್ಪತ್ತೆರಡು ವರ್ಷ ಕಳೆದರೂ ಅದಕ್ಕೆ ಸಮಾಧಾನಕರ ಉತ್ತರ ಸಿಕ್ಕಿದಂತಿಲ್ಲ. ಇವತ್ತಿಗೂ ಭಾವ ನಮ್ಮ ಮನೆಗೆ ಬಂದರೆ ಅಮ್ಮ ಗೀಸರ್ ಆರಿಸುತ್ತಾಳೆ.

ಎಂಟು ವರ್ಷದ ಹಿಂದೆ ಭಾವ ಸೋರಿಕೆಯೇ ಇಲ್ಲದ ಸರ್ಕ್ಯೂಟ್ ಒಂದನ್ನು ಮಾಡಿದರು. ಅದು ಲೆಕ್ಕ ಮಾಡುವಾಗ ನಡುನಡುವೆ ಮನಸ್ಸಿಗೆ ಬಂದ ಅಂಕಿಗಳನ್ನು ಬೆರೆಸಿ, ಮೀಟರ್ ನೋಡುವವನ ತಲೆ ಕೆಡಿಸುತ್ತದೆ. ಹತ್ತು ಲಕ್ಷ ಸಲ ಅಳೆದು ನೋಡಿದರು, ಗುಟ್ಟಿನ ಸುಳಿವಿಲ್ಲ. ಅದರ ಮೇಲೆ ಬರೆದ ಸಂಶೋಧನಾ ಪೇಪರ್ ಅಚ್ಚಾಯಿತು. ವಿಭಾಗದಲ್ಲಿ ಅವರಿಗೆ 'ಸೋರದ ಸಾರ್' ಎಂಬ ಹೆಸರು ಬಿತ್ತು. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ. ಆದರೆ ಭಾವನಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಸಂತೋಷಪಡುತ್ತಿದ್ದರು. ಅದೇ ಎಂಟು ವರ್ಷ ಮನೆಯ ಸಿಂಕಿನ ನಲ್ಲಿ ಟಪ್ ಟಪ್ ಎಂದು ಸೋರುತ್ತಿತ್ತು. ಅದರ ಬಗ್ಗೆ ಅಕ್ಕ ಹೇಳುವ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಇನ್ನು ಹತ್ತೊಂಬತ್ತರ ವಿಷಯ. ಪ್ರೊಫೆಸರ್ ಆಗಬೇಕಾದರೆ ಸಂಸ್ಥೆಯ ನಿಯಮ ಹೀಗಿದೆ: ನೀವು ಬರೆದ ಪೇಪರುಗಳಲ್ಲಿ ಕನಿಷ್ಠ ಇಪ್ಪತ್ತು ಪೇಪರುಗಳನ್ನು, ಒಂದೊಂದನ್ನೂ ಕನಿಷ್ಠ ಇಪ್ಪತ್ತು ಸಲ, ಬೇರೆಯವರು ತಮ್ಮ ಪೇಪರುಗಳಲ್ಲಿ ಉಲ್ಲೇಖಿಸಿರಬೇಕು. ನಿಮ್ಮನ್ನು ನೀವೇ ಉಲ್ಲೇಖಿಸಿಕೊಂಡರೆ ಲೆಕ್ಕವಿಲ್ಲ. ಭಾವನ ಹತ್ತೊಂಬತ್ತು ಪೇಪರುಗಳು ಆ ಗೆರೆ ದಾಟಿದ್ದವು. ಅವುಗಳಲ್ಲಿ ಒಂದಕ್ಕಂತೂ ಮುನ್ನೂರು ಉಲ್ಲೇಖ. ಅದು ಬೇರೆಯವರು ಏನೇನು ಮಾಡಿದ್ದಾರೆಂದು ಸುಮ್ಮನೆ ಪಟ್ಟಿ ಮಾಡಿದ ಪೇಪರು. ಅದರ ಹೆಸರೆತ್ತಿದರೆ ಭಾವನಿಗೆ ನಾಚಿಕೆ. ಇಪ್ಪತ್ತನೆಯ ಪೇಪರೇ ಸೋರದ ಸರ್ಕ್ಯೂಟಿನದು, ಅವರ ಮುದ್ದಿನ ಕೂಸು. ಅದು ಹತ್ತೊಂಬತ್ತು ಉಲ್ಲೇಖಕ್ಕೆ ಬಂದು, ಇನ್ನೊಂದು ಹೆಜ್ಜೆ ಇಡಲಾರೆನೆಂದು ಕೂತುಬಿಟ್ಟಿತ್ತು.

ಅರ್ಜಿ ಕರೆಯುವುದು ಮೂರು ವರ್ಷಕ್ಕೊಮ್ಮೆ. ಈ ಸಲದ ಕೊನೆಯ ದಿನ ಆ ಹದಿನಾಲ್ಕನೇ ತಿಂಗಳ ಮೂವತ್ತು. ಭಾವನಿಗೆ ಐವತ್ತೇಳು, ನಿವೃತ್ತಿ ಅರವತ್ತಕ್ಕೆ. ಈ ಸಲ ತಪ್ಪಿದರೆ ತಪ್ಪಿದಂತೆಯೇ. ಸಾಲದ್ದಕ್ಕೆ ಪಕ್ಕದ ಕೋಣೆಯಲ್ಲಿ ಒಬ್ಬ ಸಹೋದ್ಯೋಗಿ. ಭಾವನಿಗಿಂತ ಒಂಬತ್ತು ವರ್ಷ ಚಿಕ್ಕವರು, ಆಗಲೇ ಪ್ರೊಫೆಸರು. ಅವರ ಸಂಖ್ಯೆ ನಲವತ್ತೊಂದು. ಯಾವ ಮಾತನ್ನೂ ಆ ಸಂಖ್ಯೆಯ ಹತ್ತಿರಕ್ಕೆ ಕರೆದುಕೊಂಡು ಹೋಗುವ ಕಲೆ ಅವರಿಗೆ ಸಿದ್ಧಿಸಿತ್ತು. ಮನೆಯಲ್ಲಿ ಭಾವ ಅವರನ್ನು ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. "ಇವತ್ತು ಲಿಫ್ಟಲ್ಲಿ ನಲವತ್ತೊಂದು ಸಿಕ್ಕಿತ್ತು" ಎನ್ನುತ್ತಿದ್ದರು.

ಈ ನಡುವೆ ಅಮ್ಮ ಒಂದು ಕೆಲಸ ಮಾಡಿದ್ದಳು. ಅಳಿಯಂದಿರಿಗೆ ಆಶ್ಚರ್ಯವಾಗಲಿ ಎಂದು, ಒಳ್ಳೆಯ ತೇಗದ ಹಲಗೆಯ ಮೇಲೆ ಅವರ ಹೆಸರು ಕೆತ್ತಿಸಿ ತಂದಿದ್ದಳು. ಹೆಸರಿಗೆ ಮೊದಲು ದಪ್ಪಕ್ಷರದಲ್ಲಿ 'ಪ್ರೊ.' ಎಂದಿತ್ತು. ಅದನ್ನು ಅಕ್ಕನ ಮನೆಯ ಬೀರುವಿನಲ್ಲಿ ಕಂಬಳಿಗಳ ಕೆಳಗೆ ಬಚ್ಚಿಟ್ಟಿದ್ದರು. ಅದು ಅಲ್ಲಿರುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಭಾವನಿಗೂ. ಚಳಿಯಾದರೂ ಅವರು ಕಂಬಳಿ ಕೇಳುತ್ತಿರಲಿಲ್ಲ.

ಆ ತಿಂಗಳ ಎರಡನೇ ತಾರೀಖು ಭಾವನಿಗೆ ಒಂದು ಪತ್ರಿಕೆಯಿಂದ ಮೇಲ್ ಬಂತು. ಹೊಸ ಪೇಪರೊಂದು ಬಂದಿದೆ, ತಾವು ಈ ವಿಷಯದಲ್ಲಿ ತಜ್ಞರು, ಓದಿ ಅಚ್ಚು ಮಾಡಬಹುದೋ ಬೇಡವೋ ಹತ್ತು ದಿನದಲ್ಲಿ ಹೇಳಿ ಎಂದು. ಬರೆದವರ ಹೆಸರು ಇವರಿಗೆ ತಿಳಿಯುವುದಿಲ್ಲ, ಇವರ ಹೆಸರು ಬರೆದವರಿಗೆ ತಿಳಿಯುವುದಿಲ್ಲ. ಆ ಲೋಕದ ಪದ್ಧತಿ ಅದು. 'ತಜ್ಞರು' ಎಂಬ ಪದವನ್ನು ಎರಡು ಸಲ ಓದಿಕೊಂಡು ಭಾವ ಒಪ್ಪಿದರು. ಒಪ್ಪಿ, ಎಲ್ಲರೂ ಮಾಡುವಂತೆ, ಮೊದಲು ಕೊನೆಯ ಪುಟ ತೆರೆದು ತಮ್ಮ ಹೆಸರಿದೆಯೇ ಎಂದು ನೋಡಿದರು.

ಇತ್ತು. ಹದಿನೇಳನೇ ಉಲ್ಲೇಖ: ಸೋರದ ಸರ್ಕ್ಯೂಟು. ಅದೇ ಪೇಪರು! ಈ ಪತ್ರಿಕೆ ಒಪ್ಪಿದ ಪೇಪರನ್ನು ವಾರದೊಳಗೆ ಜಾಲತಾಣಕ್ಕೆ ಹಾಕುತ್ತದೆ. ಮೂವತ್ತರೊಳಗೆ ಇಪ್ಪತ್ತು!

ಭಾವ ಎದ್ದು ಕಿಟಕಿ ತೆರೆದರಂತೆ. ಹೊರಗೆ ಸೈಕಲ್ ನಿಲ್ದಾಣ, ಒಂದು ಹಳೆಯ ಜನರೇಟರು, ಎರಡು ಬೆಕ್ಕು. ಎಲ್ಲವೂ ಸುಂದರವಾಗಿ ಕಂಡವಂತೆ. ಆಮೇಲೆ ಕೂತು, ಪೇಪರಿನಲ್ಲಿ ಆ ಹದಿನೇಳು ಎಲ್ಲಿ ಬರುತ್ತದೆ ಎಂದು ಹುಡುಕಿದರು. ನಾಲ್ಕನೇ ಪುಟದಲ್ಲಿ ಬರುತ್ತಿತ್ತು. 'ಸೋರಿಕೆಯೇ ಇಲ್ಲವೆಂದು ಹೇಳಿಕೊಂಡಿರುವ ಈ ಸರ್ಕ್ಯೂಟನ್ನು ನಾವು ಮತ್ತೆ ಕಟ್ಟಿ ಅಳೆದೆವು. ನಾಲ್ಕು ಸಾವಿರ ಅಳತೆಗಳಲ್ಲೇ ಗುಟ್ಟಿನ ಅಂಕಿ ಪೂರ್ತಿ ಹೊರಬಂತು.'

ಕಿಟಕಿಯನ್ನು ಯಾರು ಮುಚ್ಚಿದರೋ ಭಾವನಿಗೆ ನೆನಪಿಲ್ಲ.

ಇಂಥ ವಿಷಯ ಗುಟ್ಟಾಗಿರಬೇಕು ಎಂಬುದು ನಿಯಮ. ಭಾವ ನಿಯಮದ ಮನುಷ್ಯ. ಆದ್ದರಿಂದ ಅಂದು ಸಂಜೆ ಅಕ್ಕನಿಗೆ, ನನಗೆ, ಮಗಳಿಗೆ ಮಾತ್ರ ಹೇಳಿದರು. ನನ್ನ ಜೊತೆ ಬಂದಿದ್ದ ಅಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಳು. ಗುಟ್ಟು ಕಾಯುವವರ ಮನೆಯೂ ಮನೆಯೇ ತಾನೇ.

"ಬೈದು ಬರೆದಿದ್ರೂ ಲೆಕ್ಕಕ್ಕೆ ಬರುತ್ತಾ?" ಅಕ್ಕ ಕೇಳಿದಳು.

"ಬರುತ್ತೆ. ಯಂತ್ರಕ್ಕೆ ಬೈಯೋದು ಹೊಗಳೋದು ಗೊತ್ತಾಗಲ್ಲ. ಎಣಿಸುತ್ತೆ ಅಷ್ಟೇ."

"ಮತ್ತಿನ್ನೇನು, ಒಪ್ಕೊಂಡುಬಿಡಿ. ಪ್ರೊಫೆಸರ್ ಆಗ್ತೀರಿ."

"ಒಪ್ಕೊಂಡ್ರೆ ನನ್ನ ಸರ್ಕ್ಯೂಟ್ ಸೋರುತ್ತೆ ಅಂತ ಊರೆಲ್ಲಾ ಗೊತ್ತಾಗುತ್ತೆ ಕಣೇ! ನನ್ನ ಜೀವಮಾನದ ಕೆಲಸ!"

"ಹಾಗಾದ್ರೆ ಬೇಡ ಅಂತ ಬರೀರಿ."

"ಬೇಡ ಅಂದ್ರೆ ಇಪ್ಪತ್ತಾಗಲ್ಲ!"

"ಅಯ್ಯೋ ದೇವರೇ, ಯಾವುದಾದ್ರೂ ಒಂದು ಕಡೆ ನಿಂತ್ಕೊಳ್ರೀ. ಆಗಿಂದ ಈ ಗೋಡೆಯಿಂದ ಆ ಗೋಡೆಗೆ ತಿರುಗ್ತಾ ಇದೀರಾ, ನಂಗೇ ತಲೆ ತಿರುಗ್ತಿದೆ."

ನಾನು ಸಮಾಧಾನದ ಮಾತಾಡಲು ಹೋದೆ. "ಭಾವ, ಬರೆದೋನು ಯಾವನೋ ಅರೆಬೆಂದ ಹುಡುಗ ಇರ್ಬೇಕು, ಸರಿಯಾಗಿ ಕಟ್ಟಿರಲ್ಲ."

"ಅದೇ! ಅದೇ ನಾನೂ ಅಂದ್ಕೊಂಡೆ!" ಭಾವನ ಮುಖ ಅರಳಿತು. "ಅಥವಾ ನಲವತ್ತೊಂದರ ಕಡೆಯವರು. ಬೇಕಂತಲೇ ಮಾಡ್ಸಿರ್ಬೇಕು."

ಮೂಲೆಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ ಮಗಳು ತಲೆ ಎತ್ತದೆ ಕೇಳಿದಳು: "ಅಪ್ಪಾ, ಅದು ಸೋರುತ್ತಾ ಇಲ್ವಾ?"

ಸಿಂಕಿನ ನಲ್ಲಿ ಟಪ್ ಎಂದಿತು.

"ಅಲ್ಲ, ಒಪ್ಕೊಳ್ಳೋದು ಬಿಡೋದು ಆಮೇಲಿನ ಮಾತು. ನಿಜವಾಗ್ಲೂ ಸೋರುತ್ತಾ ಅಂತ ನೋಡಿದ್ರಾ?"

"ಹತ್ತು ಲಕ್ಷ ಸಲ ನೋಡಿದೀನಿ ಪುಟ್ಟಿ."

"ಎಂಟು ವರ್ಷದ ಹಿಂದೆ."

ಭಾವ ಅಂದು ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ಬೆಳಗ್ಗೆ ಅಂಗಿಯ ಗುಂಡಿ ಒಂದೊಂದು ಕಾಜಾ ಮೇಲಕ್ಕೆ ಹಾಕಿಕೊಂಡು ಸಂಸ್ಥೆಗೆ ಹೋದರು.

ಭಾವನ ಲ್ಯಾಬಿನಲ್ಲಿ ಅವರಿಗಿಂತ ಹಳಬರೊಬ್ಬರಿದ್ದಾರೆ, ಲ್ಯಾಬ್ ಸಹಾಯಕಿ. ಬೆಸುಗೆ ಹಾಕುವುದರಲ್ಲಿ ಅವರ ಕೈಯನ್ನು ಮೀರಿಸುವವರಿಲ್ಲ. ಕುತ್ತಿಗೆಗೆ ಭೂತಗನ್ನಡಿ, ಜೇಬಿನಲ್ಲಿ ಸದಾ ಒಂದು ಸುರುಳಿ ತಂತಿ. ಎಲ್ಲರಿಗೂ ತಂತಿಯಮ್ಮ. ಭಾವ ಹೇಳಿದ ಕೂಡಲೇ ಅವರು ಮೇಲಿನ ಕಪಾಟಿನಿಂದ ಹಳೆಯ ರಟ್ಟಿನ ಪೆಟ್ಟಿಗೆ ಇಳಿಸಿ, ಎಂಟು ವರ್ಷದ ಹಿಂದಿನ ಅದೇ ಬೋರ್ಡನ್ನು ಧೂಳು ಊದಿ ಮೇಜಿನ ಮೇಲಿಟ್ಟರು.

ಅಳೆಯುವ ಯಂತ್ರಕ್ಕೆ ಆಸಿಲೋಸ್ಕೋಪ್ ಎನ್ನುತ್ತಾರೆ. ಟಿವಿಯಂತೆ ಪರದೆ, ಪಕ್ಕದಲ್ಲಿ ಗುಂಡಿಗಳು. ಕರೆಂಟಿನ ಏರಿಳಿತ ಪರದೆಯ ಮೇಲೆ ಅಲೆಯಾಗಿ ಓಡುತ್ತದೆ. ಭಾವ ಅಚ್ಚುಕಟ್ಟಿನ ಮನುಷ್ಯ. ಅಂದಿನ ಸೆಟ್ಟಿಂಗನ್ನೆಲ್ಲ ಉಳಿಸಿಟ್ಟಿದ್ದರು. ಅದನ್ನೇ ಹಾಕಿ ಅಳೆಯಲು ಬಿಟ್ಟರು. ನಾಲ್ಕು ಸಾವಿರ, ಸೋರಿಕೆಯಿಲ್ಲ. ಹತ್ತು ಸಾವಿರ, ಇಲ್ಲ. ಐವತ್ತು ಸಾವಿರ, ಫಲಿತಾಂಶದ ಗೆರೆ ನೆಲಕ್ಕೆ ಅಂಟಿದಂತೆ ಚಪ್ಪಟೆ. ಭಾವ ನನಗೆ ಫೋನು ಮಾಡಿದರು.

"ಸೋರಲ್ಲ ಕಣೋ! ನಾನು ಅಂದಿರಲಿಲ್ವಾ? ಆ ಪೇಪರ್ ಬರೆದೋನಿಗೆ ಎಂಥಾ ಉತ್ತರ ಬರೀತೀನಿ ನೋಡು!"

"ಹಾಗಾದ್ರೆ ಇಪ್ಪತ್ತು?"

"ಇಪ್ಪತ್ತು ಹೋಯ್ತು" ಎಂದರು. "ಹೋಗ್ಲಿ ಬಿಡು. ಮರ್ಯಾದೆ ಉಳೀತಲ್ಲ."

ಅದು ಉಳಿದದ್ದು ಸುಮಾರು ಹತ್ತು ನಿಮಿಷ. ಸ್ಕೋಪ್ ಒರೆಸಲು ಬಟ್ಟೆ ಹಿಡಿದು ಬಂದ ತಂತಿಯಮ್ಮ ಬಗ್ಗಿ ನೋಡಿದರು.

"ಸಾರ್, ಈ ಬಟನ್ನಿನ ದೀಪ ಹೊತ್ಕೊಂಡಿದೆಯಲ್ಲ. ಬೇಕಂತಲೇ ಹಾಕಿದೀರಾ?"

"ಯಾವ ಬಟನ್?"

"ಅದೇ ಸಾರ್, ಅಲೆ ನುಣುಪು ಮಾಡೋದು."

ಆ ಗುಂಡಿಯ ಕತೆ ಇಷ್ಟು. ಅದನ್ನು ಒತ್ತಿದರೆ ಸ್ಕೋಪು ಬಲುಬೇಗದ ಸಣ್ಣ ನಡುಕಗಳನ್ನು ಕತ್ತರಿಸಿ ಹಾಕಿ ದೊಡ್ಡ ಅಲೆಯನ್ನಷ್ಟೇ ತೋರಿಸುತ್ತದೆ. ಕನ್ನಡಕ ತೆಗೆದು ನೋಡಿದರೆ ಎಲ್ಲರ ಮುಖವೂ ನುಣ್ಣಗೆ ಕಾಣುತ್ತದಲ್ಲ, ಹಾಗೆ. ಚಿಪ್ಪಿನ ಗುಟ್ಟು ಸೋರುವುದು ಆ ಸಣ್ಣ ನಡುಕಗಳಲ್ಲೇ. ಗುಂಡಿ ಒತ್ತಿಕೊಂಡು ಸೋರಿಕೆ ಹುಡುಕುವುದೂ, ಹತ್ತಿ ಇಟ್ಟುಕೊಂಡ ಕಿವಿಯಿಂದ ಪಿಸುಮಾತು ಕೇಳಿಸುತ್ತಿಲ್ಲ ಎನ್ನುವುದೂ ಒಂದೇ.

ಭಾವ ಗುಂಡಿಯನ್ನು ಆರಿಸಿದರು. ಅಲೆಯ ಮೈಮೇಲೆ ಕೂದಲು ಎದ್ದಂತೆ ನಡುಕಗಳು ಎದ್ದವು. ಮತ್ತೆ ಅಳೆಯಲು ಬಿಟ್ಟರು. ಒಂದು ಸಾವಿರ. ಎರಡು ಸಾವಿರ. ಮೂರು ಸಾವಿರಕ್ಕೆ ಚಪ್ಪಟೆ ಗೆರೆಯ ನಡುವೆ ಗುಬ್ಬಿ ಕೊಕ್ಕಿನಷ್ಟು ಒಂದು ಮೊನೆ ಎದ್ದಿತು. ನಾಲ್ಕು ಸಾವಿರಕ್ಕೆ ಅದು ಕೊಕ್ಕಾಗಿ ಉಳಿದಿರಲಿಲ್ಲ, ಗೋಪುರವಾಗಿತ್ತು. ಗುಟ್ಟು ಸೋರಿತ್ತು.

"ಇದು ಯಾವಾಗ... ಇದನ್ನ ಯಾರು ಒತ್ತಿದ್ದು?" ಭಾವ ಕೇಳಿದರು.

"ನೀವೇ ಅಲ್ವಾ ಸಾರ್. ಆ ಫೋಟೋ ದಿವಸ."

"ಯಾವ ಫೋಟೋ?"

ತಂತಿಯಮ್ಮ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಕಾರಿಡಾರಿಗೆ ನಡೆದರು. ಭಾವ ಹಿಂದೆ ಹೋದರು. ನೋಟಿಸ್ ಬೋರ್ಡಿನ ಪಕ್ಕದಲ್ಲಿ ಸಂಸ್ಥೆಯ ಪರಿಚಯ ಪುಸ್ತಕಕ್ಕೆಂದು ತೆಗೆಸಿದ ಫೋಟೋಗಳಿಗೆ ಕಟ್ಟುಹಾಕಿ ತೂಗುಬಿಟ್ಟಿದ್ದರು. ಮೂರನೆಯದರಲ್ಲಿ ಎಂಟು ವರ್ಷ ಚಿಕ್ಕ ಭಾವ, ಕೂದಲುಸಹಿತ, ಸ್ಕೋಪಿನ ಮೇಲೆ ಕೈಯಿಟ್ಟು ದೂರ ದಿಗಂತವನ್ನು ನೋಡುತ್ತಾ ನಿಂತಿದ್ದರು. ಅಂಚಿನಲ್ಲಿ ಒಂದು ಮೊಣಕೈ. ಅದು ತಂತಿಯಮ್ಮನದು.

"ಫೋಟೋದವನು ಅಲೆ ತರಿತರಿಯಾಗಿದೆ, ಚೆನ್ನಾಗಿ ಕಾಣಲ್ಲ ಅಂದ. ನೀವು ಒಂದ್ನಿಮಿಷ ಅಂತ ಬಟನ್ ಒತ್ತಿದ್ರಿ. ನುಣ್ಣಗಾಯ್ತು. ನನಗೆ ಸ್ವಲ್ಪ ಪಕ್ಕಕ್ಕೆ ಸರೀರಿ ಅಂದ್ರಿ. ಮಾರನೇ ದಿನದಿಂದ ಮೂರು ವಾರ ಅಳತೆ ಹಾಕಿದ್ರಿ."

"ನೀವು ಆಗ್ಲೇ ಹೇಳ್ಬಾರದಿತ್ತಾ?"

"ಹೇಳಿದ್ದೆ ಸಾರ್. 'ನಂಗೆ ಗೊತ್ತು' ಅಂದ್ರಿ."

ಭಾವ ಕೋಣೆಗೆ ಬಂದು ತಮ್ಮದೇ ಪೇಪರ್ ತೆಗೆದರು. ಆರನೇ ಚಿತ್ರ ಆ ಸ್ಕೋಪಿನ ಪರದೆಯದೇ ಪ್ರತಿ. ದೊಡ್ಡದು ಮಾಡಿ ನೋಡಿದರು. ಕೆಳಗಿನ ಎಡ ಮೂಲೆಯಲ್ಲಿ, ಸೊಳ್ಳೆ ಕೂತಂತೆ, ಗುಂಡಿ ಒತ್ತಿದೆಯೆಂದು ಹೇಳುವ ಸಣ್ಣ ಗುರುತು. ಎಂಟು ವರ್ಷದಿಂದ ಅಲ್ಲೇ ಇತ್ತು. ಪತ್ರಿಕೆಯ ಮೂವರು ತಜ್ಞರು ನೋಡಿದ್ದರು. ಹತ್ತೊಂಬತ್ತು ಜನ ಉಲ್ಲೇಖಿಸಿದ್ದರು. ಭಾವ ಅದನ್ನು ಸ್ಲೈಡು ಮಾಡಿ ಆರು ಸಮ್ಮೇಳನಗಳಲ್ಲಿ ಗೋಡೆಯಷ್ಟಗಲ ತೋರಿಸಿದ್ದರು. ಆಗ ಆ ಗುರುತು ಒಂದು ಅಂಗೈಯಷ್ಟು ದೊಡ್ಡದಾಗಿ ಕಂಡಿರಬೇಕು.

ಆಮೇಲಿನ ಒಂದು ವಾರ ಭಾವನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಬಾಗಿಲು ಹಾಕಲಿಲ್ಲ. ಬೆಳಗ್ಗೆ ಅಕ್ಕ "ಎಷ್ಟು" ಎಂದು ಕೇಳುವುದನ್ನೂ ಬಿಟ್ಟಳು. ಭಾವ ನೋಡುವುದನ್ನು ಬಿಡಲಿಲ್ಲ. ಕುತ್ತಿಗೆಯ ಹಿಂದೆ ಕೆರೆದೂ ಕೆರೆದೂ ಅಂಗಿಯ ಕಾಲರಿನಷ್ಟಗಲ ಕೆಂಪಾಯಿತು. ಪೆನ್ನಿನ ಮುಚ್ಚಳ ಒಂದಾದಮೇಲೊಂದು ಕಚ್ಚಿ ಚಪ್ಪಟೆ ಮಾಡಿದರು. ಅವರ ಮುಂದೆ ಮೂರು ದಾರಿಗಳಿದ್ದವು, ಮೂರಕ್ಕೂ ಮುಳ್ಳು.

ಪೇಪರನ್ನು ತಿರಸ್ಕರಿಸಬಹುದಿತ್ತು. ಆ ಪತ್ರದ ಕರಡನ್ನು ಭಾವ ಬರೆದೂ ಇದ್ದರು, ನಾನೇ ನೋಡಿದ್ದೇನೆ. 'ಅಳತೆಯ ವಿವರಗಳು ಸಾಲವು, ಭಾಷೆ ಬಿಗಿಯಾಗಬೇಕು, ಹದಿನೇಳನೇ ಉಲ್ಲೇಖದ ಲೇಖಕರು ಈ ಕ್ಷೇತ್ರದ ಹಿರಿಯರು ಎಂಬುದನ್ನು ಗಮನಿಸಬೇಕು.' ಕೊನೆಯ ವಾಕ್ಯ ಓದುವಾಗ ನಾನು ಕೆಮ್ಮಿದೆ. ಭಾವ ಅದನ್ನು ಹೊಡೆದುಹಾಕಿದರು. ಅರ್ಧ ಗಂಟೆಯ ನಂತರ ಮತ್ತೆ ಸೇರಿಸಿದರು.

ಎರಡನೆಯದು, ಒಪ್ಪಿ ಸುಮ್ಮನಿರುವುದು. ಪೇಪರ್ ಬರುತ್ತದೆ, ಇಪ್ಪತ್ತಾಗುತ್ತದೆ, ಅರ್ಜಿ ಹೋಗುತ್ತದೆ. ಆಯ್ಕೆ ಸಮಿತಿಯವರು ಸಂಖ್ಯೆ ನೋಡುತ್ತಾರೆಯೇ ಹೊರತು ಯಾರು ಏನು ಬರೆದರೆಂದು ಓದುವುದಿಲ್ಲ. ಅಕ್ಕನ ಮತ ಇದಕ್ಕೆ. ನನ್ನದೂ, ಸುಳ್ಳೇಕೆ ಹೇಳಲಿ, ಇದಕ್ಕೇ.

ಮೂರನೆಯದನ್ನು ಹೇಳಿದವರು ಯಾರೂ ಇಲ್ಲ. ಆದರೆ ಮಗಳು ಅಪ್ಪನ ಮುಖ ನೋಡುವ ರೀತಿಯಲ್ಲಿ ಅದಿತ್ತು.

ಹನ್ನೊಂದನೇ ತಾರೀಖು ಭಾನುವಾರ. ನಾನು ಹೋದಾಗ ಭಾವ ಅಡುಗೆಮನೆಯ ಸಿಂಕಿನ ಕೆಳಗೆ ಅಂಗಾತ ಮಲಗಿದ್ದರು. ಕೈಯಲ್ಲಿ ಸ್ಪ್ಯಾನರ್.

"ಏನ್ ಭಾವ ಇದು?"

"ವಾಷರ್ ಸವೆದಿದೆ ಕಣೋ. ಎಂಟು ವರ್ಷದಿಂದ ನಲ್ಲಿ ಸೋರ್ತಿದೆ ಅಂತ ಇವಳು ಹೇಳ್ತಾನೇ ಇದ್ಲು. 'ನಂಗೆ ಗೊತ್ತು' ಅಂತಿದ್ದೆ."

ಎದ್ದು ಕೈ ಒರೆಸಿಕೊಂಡು, ಒದ್ದೆ ಬೆನ್ನಿನಲ್ಲೇ ಕಂಪ್ಯೂಟರಿನ ಮುಂದೆ ಕೂತರು. ಹಳೆಯ ಕರಡನ್ನು ಅಳಿಸಿ ನಾಲ್ಕು ಸಾಲು ಬರೆದರು: ಪೇಪರನ್ನು ಅಚ್ಚು ಮಾಡಬೇಕು. ಅದರ ಅಳತೆ ಸರಿ. ಹದಿನೇಳನೇ ಉಲ್ಲೇಖದಲ್ಲಿ ಅಳೆದವನದೇ ತಪ್ಪು. ಆರನೇ ಚಿತ್ರದ ಎಡ ಮೂಲೆ ನೋಡಿ, ಕಾರಣ ಅಲ್ಲಿದೆ. ಅಳೆದವನು ನಾನೇ. ಕೆಳಗೆ, ಪದ್ಧತಿಯನ್ನು ಮುರಿದು, ಹೆಸರು ಹಾಕಿದರು. ಆಮೇಲೆ ತಮ್ಮ ಹಳೆಯ ಪೇಪರಿಗೆ ಒಂದು ತಿದ್ದುಪಡಿ ಬರೆದು ಅದರ ಪತ್ರಿಕೆಗೂ ಕಳಿಸಿದರು. ಗುಂಡಿ, ಗುರುತು ಎಲ್ಲವೂ ಅದರಲ್ಲಿತ್ತು. ಫೋಟೋದ ವಿಷಯ ಮಾತ್ರ ಇರಲಿಲ್ಲ. ಮನುಷ್ಯ ಎಷ್ಟೆಂದು ಬಿಟ್ಟುಕೊಟ್ಟಾನು?

"ಕಳಿಸಿದ್ರಾ?" ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಕಳಿಸಿದೆ."

"ಹೆಸರೂ ಹಾಕಿದ್ರಾ?"

"ಹಾಕಿದೆ."

ಅಕ್ಕ ಹೋಗಿ ನಲ್ಲಿ ತಿರುಗಿಸಿ ನೋಡಿದಳು. "ಇದಾದ್ರೂ ನಿಂತಿದೆ" ಎಂದಳು.

ಇಪ್ಪತ್ತಾರನೇ ತಾರೀಖು ಬೆಳಗ್ಗೆ ಹಾಸಿಗೆಯಿಂದ ಒಂದು ದನಿ ಬಂತು. ಸಂತೋಷವೋ ನೋವೋ ಅಕ್ಕನಿಗೆ ತಿಳಿಯಲಿಲ್ಲ.

"ಇಪ್ಪತ್ತು."

ಪೇಪರ್ ಬರೆದವಳು ದೂರದ ಯಾವುದೋ ಲ್ಯಾಬಿನ ಹುಡುಗಿ, ಅದು ಅವಳ ಮೊದಲ ಪೇಪರು. ಅವಳ ಮೇಲ್ ಕೂಡ ಬಂದಿತ್ತು. 'ಆ ಚಿತ್ರವನ್ನು ನೂರು ಸಲ ನೋಡಿದ್ದೇನೆ ಸರ್, ಮೂಲೆ ನೋಡಿರಲಿಲ್ಲ. ನನ್ನದೇ ತಪ್ಪಿರಬೇಕೆಂದು ಐದು ತಿಂಗಳು ಮತ್ತೆ ಮತ್ತೆ ಅಳೆದೆ.' ಆ ಐದು ತಿಂಗಳ ಮಾತನ್ನು ಓದಿದಾಗ ಭಾವ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರಂತೆ.

ಭಾವ ಅರ್ಜಿ ಹಾಕಿದರು. ಸಂಖ್ಯೆಯ ಜಾಗದಲ್ಲಿ ಇಪ್ಪತ್ತು ಎಂದು ಬರೆದು, ಹಿಂದೆ ತಮ್ಮ ತಿದ್ದುಪಡಿಯನ್ನೂ ಲಗತ್ತಿಸಿದರು. ಅದನ್ನು ಲಗತ್ತಿಸಲು ಯಾರೂ ಕೇಳಿರಲಿಲ್ಲ.

ಸಂದರ್ಶನದಲ್ಲಿ ಐವರು ಕೂತಿದ್ದರು. ಅಧ್ಯಕ್ಷರ ವಿಷಯ ಸೇತುವೆಗಳು. ಅವರು ಫೈಲು ತಿರುವಿ "ಇಪ್ಪತ್ತು. ಸರಿಯಾಗಿದೆ" ಎಂದು ಮುಚ್ಚುವುದರಲ್ಲಿದ್ದರು.

"ಸಾರ್, ಆ ಇಪ್ಪತ್ತನೇದು ನಾನು ತಪ್ಪು ಅಂತ ಹೇಳೋ ಉಲ್ಲೇಖ" ಎಂದರು ಭಾವ.

"ಆದ್ರೇನಂತೆ? ನೀವು ಸರಿ ಇದೀರಲ್ಲ?"

"ಇಲ್ಲ ಸಾರ್. ತಪ್ಪೇ."

ಅಧ್ಯಕ್ಷರು ಪೆನ್ನು ಕೆಳಗಿಟ್ಟರು. ಸೇತುವೆ ಕಟ್ಟುವವರಲ್ಲಿ ಯಾರೂ ಹೀಗೆ ಬಂದು ಹೇಳುವುದಿಲ್ಲವೇನೋ. ಹೊರಗಿನಿಂದ ಬಂದಿದ್ದ ತಜ್ಞೆಯೊಬ್ಬರು, ಭಾವನ ಕಸುಬಿನವರೇ, ಆರನೇ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಬೆಳ್ಳಗಾದರು. "ಒಂದ್ನಿಮಿಷ" ಎಂದು ಎದ್ದು ಹೊರಗೆ ಹೋದರು. ಬಾಗಿಲ ಸಂದಿಯಿಂದ ಅವರು ಫೋನಿನಲ್ಲಿ ಕೇಳುವುದು ಸ್ಪಷ್ಟವಾಗಿ ಕೇಳಿಸಿತು: "ನಮ್ಮ ಸ್ಕೋಪಲ್ಲಿ ಆ ಬಟನ್ ಆಫ್ ಇದೆಯಾ ನೋಡಮ್ಮಾ. ಈಗ್ಲೇ ನೋಡು. ನಾನು ಕಾಯ್ತೀನಿ."

ಬೈಗುಳವು ಉಲ್ಲೇಖವೇ ಅಲ್ಲವೇ ಎಂದು ತೀರ್ಮಾನಿಸಲು ಒಂದು ಉಪಸಮಿತಿ ನೇಮಕವಾಯಿತು. ಅದು ಏಳು ವಾರ ಯೋಚಿಸಿತು. ಆ ಏಳು ವಾರದಲ್ಲಿ ಭಾವ ಅಂಚೆಯವನ ಸೈಕಲ್ ಬೆಲ್ಲಿಗೆ ಮೂರು ಸಲ ಬೆಚ್ಚಿದರು. ಮೂರು ಸಲವೂ ಅದು ಪಕ್ಕದ ಮನೆಗೆ. ಕೊನೆಗೆ ಪತ್ರ ಬಂದಾಗ ಅವರೇ ತೆರೆಯಲಾರದೆ ಅಕ್ಕನ ಕೈಗೆ ಕೊಟ್ಟರು. ಅಕ್ಕ ಮನಸ್ಸಿನಲ್ಲೇ ಓದಿದಳು.

"ಗಟ್ಟಿಯಾಗಿ ಓದೇ, ನಂಗೆ ಎದೆ ಹೊಡ್ಕೋತಿದೆ."

"'ಬೈಗುಳವೂ ಉಲ್ಲೇಖವೇ ಎಂದು ಉಪಸಮಿತಿ ತೀರ್ಮಾನಿಸಿದೆ.'"

"ಹಾ!"

"ತಡೀರಿ. 'ಆದರೆ ಬೈಸಿಕೊಂಡವರೇ ಆ ಬೈಗುಳವನ್ನು ಒಪ್ಪಿಕೊಂಡಲ್ಲಿ, ಅದು ಸ್ವಂತ ಉಲ್ಲೇಖಕ್ಕೆ ಸಮನಾಗುವುದರಿಂದ, ಎಣಿಕೆಗೆ ಬರುವುದಿಲ್ಲ. ಅರ್ಜಿದಾರರ ಪ್ರಾಮಾಣಿಕತೆಗೆ ಮೆಚ್ಚುಗೆ ದಾಖಲಿಸಿ, ಅರ್ಜಿಯನ್ನು ತಿರಸ್ಕರಿಸಲಾಗಿದೆ.'"

ಭಾವ ಕುರ್ಚಿಯ ಹಿಡಿ ಹಿಡಿದುಕೊಂಡು ಮೆಲ್ಲಗೆ ಕೂತರು. ಅತ್ತರೆ ಏನು ಮಾಡುವುದೆಂದು ನಾವೆಲ್ಲ ನೋಡುತ್ತಿದ್ದೆವು. ಅವರು ಅಳಲಿಲ್ಲ. "ಹತ್ತೊಂಬತ್ತು" ಎಂದರು. ಆಮೇಲೆ, "ಹತ್ತೊಂಬತ್ತೂ ಸರಿಯಾಗಿದೆಯಾ ಅಂತ ಒಂದ್ಸಲ ಎಲ್ಲಾ ತೆಗೆದು ನೋಡ್ಬೇಕು" ಎಂದರು. ಆ ಹೆದರಿಕೆ ಅವರನ್ನು ಇವತ್ತಿಗೂ ಬಿಟ್ಟಿಲ್ಲ. ವಾರಕ್ಕೊಂದು ಹಳೆಯ ಪೇಪರ್ ತೆಗೆದು ಚಿತ್ರಗಳ ಮೂಲೆ ನೋಡುತ್ತಾರೆ. ಈವರೆಗೆ ಹನ್ನೊಂದಾಗಿದೆ. ಏನೂ ಸಿಕ್ಕಿಲ್ಲ, ಸಿಗಲಿಲ್ಲವೆಂದು ಸಮಾಧಾನವೂ ಇಲ್ಲ.

ಪತ್ರ ಬಂದ ದಿನವೇ ಅಮ್ಮ ಬೀರು ತೆರೆದು ಹಲಗೆಯನ್ನು ತಂದು ಮೇಜಿನ ಮೇಲಿಟ್ಟಳು. ಇನ್ನು ಬಚ್ಚಿಡುವ ಅರ್ಥವಿರಲಿಲ್ಲ.

"ಒಳ್ಳೆ ತೇಗದ್ದು ಅಳಿಯಂದ್ರೇ. ಬಿಸಾಕೋಕೆ ಮನಸ್ಸು ಬರಲ್ಲ. ಹಿಂದೆ ಖಾಲಿ ಇದೆ, ಯಾತಕ್ಕಾದ್ರೂ ಬರುತ್ತೆ."

ಪುಟ್ಟಿ ಅದರ ಬೆನ್ನಿಗೆ ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದುಕೊಟ್ಟಳು: 'ಬಟನ್ ಆರಿಸಿದ್ದೀರಾ?' ಭಾವ ಅದನ್ನು ತಾವೇ ಹೊತ್ತುಕೊಂಡು ಹೋಗಿ, ಲ್ಯಾಬಿನಲ್ಲಿ ಸ್ಕೋಪಿನ ಮೇಲಿನ ಗೋಡೆಗೆ ತೂಗುಹಾಕಿದರು. ಆ ಹೊರಗಿನ ತಜ್ಞೆ ಅದರ ಫೋಟೋ ತರಿಸಿಕೊಂಡರಂತೆ. ಕಳೆದ ವಾರ ನಲವತ್ತೊಂದು ಕೂಡ ಬಂದು ಅದರ ಕೆಳಗೆ ಕೈಕಟ್ಟಿ ನಿಂತು, ತನ್ನ ಸಂಖ್ಯೆ ಹೇಳುವುದನ್ನು ಮರೆತು ಅವಸರವಾಗಿ ತನ್ನ ಲ್ಯಾಬಿಗೆ ಹೋಯಿತಂತೆ.

ತಂತಿಯಮ್ಮ ಒಮ್ಮೆ ಧೂಳು ಹೊಡೆಯುವಾಗ ಹಲಗೆಯನ್ನು ತುಸು ಎತ್ತಿ ನೋಡಿದರು.

"ಸಾರ್, ಆ ಕಡೆ ಏನೋ ಕೆತ್ತಿದಾರಲ್ಲ?"

"ಅದು ಗೋಡೆಗೆ ಸಂಬಂಧಪಟ್ಟಿದ್ದು" ಎಂದರು ಭಾವ. "ಹಾಗೇ ಇರ್ಲಿ ಬಿಡಿ. ಆ ಬಟನ್ ಒಂದ್ಸಲ ನೋಡಿಬಿಡಿ."

"ಈಗ ತಾನೇ ನೋಡಿದೆ ಸಾರ್."

"ಇನ್ನೊಂದ್ಸಲ."